ಟಿಕೆಟ್ ಕೊಂಡು ಉಂಡ ಊಟ

"ಅಲ್ಲಪ್ಪ, ಊಟಕ್ಕೆ ಬಾ ಅಂತ ಕರೆದೋರು ಅವರು, ದುಡ್ಡು ಕೊಟ್ಟೋನು ನೀನಾ?" ಎಂದು ಅಪ್ಪ ಕೇಳಿದಾಗ ನಾನಿನ್ನೂ ಬೂಟು ಬಿಚ್ಚುತ್ತಿದ್ದೆ. ಬೇಸಿಗೆ ಕಳೆಯಲೆಂದು ಅರಸೀಕೆರೆಯಿಂದ ಉತ್ತರ ವರ್ಜೀನಿಯಾದ ನಮ್ಮ ಮನೆಗೆ ಬಂದಿದ್ದ ಅವರಿಗೆ, ಇಲ್ಲಿನ ಶಾಸನಸಭೆಗೆ ಸ್ಪರ್ಧಿಸಿದ್ದ ಅಭ್ಯರ್ಥಿಯೊಬ್ಬರ ಜೊತೆ ಊಟ ಮಾಡಲು ಮಗ 250 ಡಾಲರ್ ತೆತ್ತು ಬಂದಿದ್ದಾನೆ ಎಂಬುದು ನಂಬಲಾಗದ ಸಂಗತಿಯಾಗಿತ್ತು. ಅವರು ಕಂಡ ಚುನಾವಣೆಗಳಲ್ಲಿ ಊಟ ಹಾಕಿಸುವುದು ಅಭ್ಯರ್ಥಿಯ ಪಾಲಿನ ಕೆಲಸ, ಉಣ್ಣುವುದು ಮತದಾರರ ಪಾಲಿನದು. ಈ ಲೆಕ್ಕ ತಿರುವುಮುರುವಾಗಬಹುದೆಂದು ಅವರಿಗೆ ಎಂದೂ ತೋಚಿರಲಿಲ್ಲ. ನಾನು ಅವರಿಗೆ ಚಂದಾ ಎತ್ತುವ ಪದ್ಧತಿಯನ್ನು ವಿವರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು, ಅಷ್ಟು ಕೊಟ್ಟ ಮೇಲೆ ಏನು ಮಾತಾಡಿದ?" ಎಂದರು. ಆ ಪ್ರಶ್ನೆಗೆ ನಾನು ಅಂದು ಸರಿಯಾಗಿ ಉತ್ತರಿಸಲಿಲ್ಲ. ಈ ಬರಹ ಆ ಉತ್ತರದ ತಡವಾದ ಪ್ರಯತ್ನ.

ದುಡ್ಡು ಕೊಟ್ಟು ಪಾರ್ಟಿಗೆ ಹೋಗುವುದು ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಇರುಸುಮುರುಸಿನ ವಿಷಯವೇ ಆಗಿತ್ತು. 2003ರಲ್ಲಿ, ಕೆಲಸಕ್ಕೆ ಸೇರಿದ ಮೂರನೆಯ ವಾರದಲ್ಲಿ, ನಿವೃತ್ತರಾಗುತ್ತಿದ್ದ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯ ಊಟಕ್ಕೆ ಕರೆ ಬಂತು. ಸಂಕೋಚಪಟ್ಟುಕೊಂಡೇ ಹೋಗಿ, ಮಿತವಾಗಿ ತಿಂದು ಎದ್ದಾಗ ಬಿಲ್ಲು ಒಬ್ಬೊಬ್ಬರ ಮುಂದೆಯೂ ಬೇರೆಬೇರೆಯಾಗಿ ಬಂದು ಕುಳಿತಿತು. ಅದರ ಮೇಲೆ ನಿವೃತ್ತರಾಗುವವರ ಊಟದ ಪಾಲನ್ನೂ ನಾವೇ ಹಂಚಿಕೊಳ್ಳಬೇಕಾಗಿತ್ತು. ಆಮೇಲೆ ಇದೇ ರೂಢಿಯ ಹಲವು ರೂಪಗಳನ್ನು ಕಂಡೆ. ಗೆಳೆಯನ ಹುಟ್ಟುಹಬ್ಬವನ್ನು ಹೋಟೆಲಿನಲ್ಲಿ ಆಚರಿಸುತ್ತೇವೆಂದು ಅವನ ಹೆಂಡತಿ ಎಲ್ಲರಿಗೂ ಹೇಳಿ ಕಳಿಸಿದರೆ, ನಾವು ನಮ್ಮ ಊಟಕ್ಕೆ ಕೊಟ್ಟು ಅವನ ಊಟಕ್ಕೂ ಸೇರಿಸುವುದೆಂದೇ ಅರ್ಥ. ಮನೆಯಲ್ಲಿ ಕರೆದರೆ ಪಾಟ್‌ಲಕ್; ನಮ್ಮ ಕೈಯಲ್ಲಿ ಬಿಸಿಬೇಳೆ ಬಾತಿನ ಪಾತ್ರೆ ಇರಲೇಬೇಕು. ಇಲ್ಲಿನ ಕನ್ನಡ ಸಂಘದ ಯುಗಾದಿಗೂ ಟಿಕೆಟ್ ಉಂಟು. ಸದಸ್ಯರಿಗೆ ಒಂದು ದರ, ಸದಸ್ಯರಲ್ಲದವರಿಗೆ ಇನ್ನೊಂದು, ಐದು ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ. ಶಾಲೆಯ ಸಭಾಂಗಣದ ಬಾಡಿಗೆ, ಅದಕ್ಕೆ ಮಾಡಿಸಲೇಬೇಕಾದ ವಿಮೆ, ಹೋಳಿಗೆ ಮಾಡುವವರ ಖರ್ಚು ಇವೆಲ್ಲ ಎಲ್ಲಿಂದ ಬರಬೇಕು? ಒಂದು ವರ್ಷ ಸಮಿತಿಯಲ್ಲಿದ್ದು ಆ ಲೆಕ್ಕವನ್ನು ನಾನೇ ಬರೆದ ಮೇಲೆ, ಟಿಕೆಟ್ಟಿನ ಬಗ್ಗೆ ಗೊಣಗುವುದನ್ನು ಬಿಟ್ಟೆ.

ಊರಿನಲ್ಲಿ ಊಟ ಪುಕ್ಕಟೆಯೇ ಎಂದು ಕೇಳಿಕೊಂಡರೆ ಅದೂ ಪೂರ್ತಿ ನಿಜವಲ್ಲ. ಮದುವೆಮನೆಯ ಬಾಗಿಲ ಬಳಿ ಸೋದರಮಾವನೊಬ್ಬ ಉದ್ದನೆಯ ಪುಸ್ತಕ ಹಿಡಿದು ಕುಳಿತು ಹೆಸರು, ಊರು, ಮೊತ್ತವನ್ನು ಬರೆದುಕೊಳ್ಳುವ ಮುಯ್ಯಿಯ ಪದ್ಧತಿ ನಮ್ಮ ಕಡೆ ಇಂದಿಗೂ ಇದೆ. ಐವತ್ತೊಂದು ಕೊಟ್ಟವರ ಮನೆಯ ಮದುವೆಗೆ ನಾವು ಕನಿಷ್ಠ ನೂರೊಂದಾದರೂ ಕೊಡಬೇಕು. ಇಪ್ಪತ್ತು ವರ್ಷದ ಹಿಂದಿನ ಪುಸ್ತಕವನ್ನು ಅಟ್ಟದಿಂದ ಇಳಿಸಿ ನೋಡಿ ಹೋಗುವವರನ್ನು ನಾನು ಬಲ್ಲೆ. ಆದರೆ ಮುಯ್ಯಿಗೂ ಟಿಕೆಟ್ಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಟಿಕೆಟ್ ಅಂದಿಗೇ ಮುಗಿಯುವ ವ್ಯವಹಾರ, ಕೊಟ್ಟು ಉಂಡವನು ಉಣಿಸಿದವನೊಂದಿಗೆ ಸಮನಾಗಿ ಎದ್ದು ಹೋಗುತ್ತಾನೆ. ಮುಯ್ಯಿ ಮುಗಿಯುವುದೇ ಇಲ್ಲ, ಅದು ಸಂಬಂಧವನ್ನು ಸಾಲದ ರೂಪದಲ್ಲಿ ಉಳಿಸಿಕೊಳ್ಳುವ ಉಪಾಯ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ನಮ್ಮ ಮಾತು ಬಂದಿರುವುದೂ ಆ ಸಾಲದ ನೆನಪಿನಿಂದಲೇ. ಹಾಗಿದ್ದರೆ ದುಡ್ಡು ಕೊಟ್ಟು ಉಂಡವನಿಗೆ ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಹೆಚ್ಚಿರಬೇಕು, ಅವನು ಯಾರ ಋಣದಲ್ಲೂ ಇಲ್ಲವಲ್ಲ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಅಂದಿನ ಊಟದಲ್ಲಿ ಆ ತಿಳಿವಳಿಕೆ ಕೆಟ್ಟಿತು.

ನಡೆದದ್ದು ಇಷ್ಟು. ಭಾರತೀಯ ಕುಟುಂಬವೊಂದರ ವಿಶಾಲವಾದ ಬೇಸ್‌ಮೆಂಟಿನಲ್ಲಿ ನಲವತ್ತು ಜನ ಸೇರಿದ್ದೆವು. ವರ್ಜೀನಿಯಾದಲ್ಲಿ ರಾಜ್ಯಮಟ್ಟದ ಅಭ್ಯರ್ಥಿಗೆ ಒಬ್ಬರು ಇಷ್ಟೇ ಕೊಡಬೇಕೆಂಬ ಮಿತಿ ಇಲ್ಲದ್ದರಿಂದ ಆಹ್ವಾನದಲ್ಲಿ 250ರಿಂದ ಹಲವು ಸಾವಿರದ ತನಕ ಮೆಟ್ಟಿಲುಗಳಿದ್ದವು, ಮೇಲಿನ ಮೆಟ್ಟಿಲಿನವರಿಗೆ ಅಭ್ಯರ್ಥಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಅವಕಾಶ. ವಿದೇಶಿ ಪ್ರಜೆಗಳು ಚುನಾವಣೆಗೆ ಹಣ ಕೊಡುವುದನ್ನು ಇಲ್ಲಿನ ಕಾನೂನು ನಿಷೇಧಿಸುತ್ತದೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಅದರಿಂದ ವಿನಾಯಿತಿ. ಆದ್ದರಿಂದ ಎಚ್-1ಬಿ ವೀಸಾದ ಮೇಲಿರುವ ನಮ್ಮ ತಂಡದ ಹುಡುಗರಾರೂ ಅಲ್ಲಿರಲಿಲ್ಲ. ಪನೀರು, ನಾನ್, ಜಾಮೂನುಗಳ ನಡುವೆ ಅಭ್ಯರ್ಥಿ ಎದ್ದು ನಿಂತು ನಮ್ಮನ್ನು ಹೊಗಳಿದರು. ಓದಿದವರು, ದುಡಿಯುವವರು, ತೆರಿಗೆ ಕಟ್ಟುವವರು, ಸಾಲಿನಲ್ಲಿ ನಿಂತು ಕಾನೂನಿನ ಬಾಗಿಲಿನಿಂದ ಒಳಗೆ ಬಂದವರು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸರಿಯಿತ್ತು. ಅದೇ ಉಸಿರಿನಲ್ಲಿ, ದಕ್ಷಿಣದ ಗಡಿಯಲ್ಲಿ ನಡೆಯುತ್ತಿರುವುದು ವಲಸೆಯಲ್ಲ, 'ಇನ್ವೇಶನ್', ದಂಡಯಾತ್ರೆ ಎಂದರು. ಚಪ್ಪಾಳೆ ಬಿತ್ತು. ನನ್ನ ಕೈಯೂ ಎರಡು ಸಲ ಕೂಡಿತೆಂದು ಒಪ್ಪಿಕೊಳ್ಳಬೇಕು.

ಗಡಿಯ ಬಗ್ಗೆ ಬಿಗಿಯಾದ ನಿಲುವು ತಳೆಯಲು ಯಾರಿಗೂ ಹಕ್ಕಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಪದದ ಬಗ್ಗೆ. 2019ರ ಆಗಸ್ಟ್ 3ರಂದು ಟೆಕ್ಸಸಿನ ಎಲ್ ಪಾಸೊ ನಗರದ ಅಂಗಡಿಯೊಂದರಲ್ಲಿ 23 ಜನರ ಸಾವಿಗೆ ಕಾರಣನಾದ ಬಂದೂಕುಧಾರಿ, ತನ್ನ ಕೃತ್ಯ ಟೆಕ್ಸಸಿನ ಮೇಲೆ ಹಿಸ್ಪಾನಿಕರ 'ಇನ್ವೇಶನ್'ಗೆ ಉತ್ತರವೆಂದು ಬರೆದಿಟ್ಟು ಹೋಗಿದ್ದ. ಕೂಲಿ ಅರಸಿ ಬಂದವರನ್ನು ದಂಡೆತ್ತಿ ಬಂದವರೆಂದು ಕರೆದ ಕೂಡಲೇ, ಅವರ ಮೇಲೆ ಆಯುಧ ಎತ್ತುವವನು ತನ್ನ ಕಣ್ಣಿಗೆ ಸೈನಿಕನಾಗಿಬಿಡುತ್ತಾನೆ. ಅಂದು ಜಾಮೂನಿನ ಬಟ್ಟಲು ಹಿಡಿದು ನಿಂತಿದ್ದ ನಮ್ಮಲ್ಲಿ ಅನೇಕರು ಅಣ್ಣನೋ ಅಕ್ಕನೋ ಅರ್ಜಿ ಹಾಕಿದ್ದರಿಂದ ಬಂದವರು. 'ಸರಪಳಿ ವಲಸೆ' ಎಂದು ಇದೇ ರಾಜಕಾರಣ ಹೀಗಳೆಯುವುದು ಆ ದಾರಿಯನ್ನೇ. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೂ ಶೇಕಡಾ 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಟ್ಟಲೆ ಉದ್ದವಾಗಿದೆ, ಆ ಸಾಲಿನಲ್ಲಿ ನಿಂತ ತಮ್ಮಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೂ ನಲವತ್ತು ಜನರಲ್ಲಿ ಒಬ್ಬರೂ "ಸ್ವಾಮಿ, ಆ ಪದ ಬೇಡ" ಎನ್ನಲಿಲ್ಲ. ಯಾರನ್ನು ಕುರಿತು ಆ ಮಾತು ಆಡಲಾಯಿತೋ ಅವರು ಆ ಕೋಣೆಯಲ್ಲಿರಲಿಲ್ಲ. 250 ಡಾಲರಿನ ಬಾಗಿಲು ಅವರನ್ನು ಒಳಗೆ ಬಿಡುವಂಥದ್ದಲ್ಲ.

ಅಮೆರಿಕದ ರಾಜಕಾರಣದ ಕುಖ್ಯಾತ ಮಾತುಗಳಲ್ಲಿ ಹಲವು ಇಂಥ ಟಿಕೆಟ್ಟಿನ ಕೋಣೆಗಳಲ್ಲೇ ಹುಟ್ಟಿವೆ ಎಂಬುದು ಆಮೇಲೆ ಕುಳಿತು ಯೋಚಿಸಿದಾಗ ನನಗೆ ಹೊಳೆಯಿತು. 2004ರ ಜನವರಿಯಲ್ಲಿ ಸೇಂಟ್ ಲೂಯಿಯ ಚಂದಾ ಸಭೆಯೊಂದರಲ್ಲಿ ಹಿಲರಿ ಕ್ಲಿಂಟನ್, ಮಹಾತ್ಮ ಗಾಂಧಿಯವರ ಮಾತೊಂದನ್ನು ಎತ್ತಿಕೊಳ್ಳುವಾಗ, ಅವರು ಈ ಊರಿನಲ್ಲಿ ಎರಡು ವರ್ಷ ಪೆಟ್ರೋಲ್ ಬಂಕ್ ನಡೆಸುತ್ತಿದ್ದರು ಎಂದು ನಗೆಯಾಡಿದರು. ಬಂಕು ನಡೆಸುವ ನಮ್ಮವರ ಬದುಕು ಆ ಕೋಣೆಗೆ ಒಂದು ಚಟಾಕಿ. ಆಮೇಲೆ ವಿಷಾದವನ್ನೂ ಹೇಳಿದರು. 2008ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಚಂದಾ ಸಭೆಯಲ್ಲಿ ಬರಾಕ್ ಒಬಾಮಾ, ಕಾರ್ಖಾನೆಗಳು ಮುಚ್ಚಿಹೋದ ಪೆನ್ಸಿಲ್ವೇನಿಯಾದ ಸಣ್ಣ ಊರುಗಳ ಜನ ಕಹಿಗೊಂಡು ಬಂದೂಕಿಗೂ ಧರ್ಮಕ್ಕೂ ಜೋತುಬೀಳುತ್ತಾರೆ ಎಂದರು. 2016ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಚಂದಾ ಸಮಾರಂಭದಲ್ಲಿ ಮತ್ತೆ ಹಿಲರಿಯವರೇ, ಎದುರಾಳಿಯ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು 'ಬಾಸ್ಕೆಟ್ ಆಫ್ ಡಿಪ್ಲೋರಬಲ್ಸ್'ಗೆ, ಅಂದರೆ ಹೀನರ ಬುಟ್ಟಿಗೆ ಹಾಕಿದರು; ಮರುದಿನ 'ಅರ್ಧ' ಎಂದದ್ದು ತಪ್ಪೆಂದರು, ಬುಟ್ಟಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಪದವನ್ನೇ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡಿದವರನ್ನು ನಾನು ನಮ್ಮ ಪಕ್ಕದ ಕೌಂಟಿಯ ಜಾತ್ರೆಯಲ್ಲಿ ಕಂಡಿದ್ದೇನೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 2012ರ ಪ್ರಸಂಗ. ಆ ವರ್ಷದ ಮೇ 17ರಂದು ಫ್ಲಾರಿಡಾದ ಬೊಕಾ ರಾಟನ್ ಊರಿನ ಸಿರಿವಂತರ ಮನೆಯೊಂದರಲ್ಲಿ, ತಲೆಗೆ 50,000 ಡಾಲರಿನ ಭೋಜನಕೂಟದಲ್ಲಿ, ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ದೇಶದ ಶೇಕಡಾ 47ರಷ್ಟು ಜನ ಏನೇ ಆದರೂ ಎದುರಾಳಿಗೇ ಮತ ಹಾಕುವವರು, ಸರ್ಕಾರವನ್ನೇ ನೆಚ್ಚಿಕೊಂಡವರು, ತಮ್ಮನ್ನು ತಾವು ಬಲಿಪಶುಗಳೆಂದುಕೊಂಡವರು, ಅವರ ಬಗ್ಗೆ ತಲೆಕೆಡಿಸಿಕೊಳ್ಳುವುದು ತಮ್ಮ ಕೆಲಸವಲ್ಲ ಎಂಬರ್ಥದಲ್ಲಿ ಮಾತಾಡಿದರು. ಐವತ್ತು ಸಾವಿರ ಕೊಟ್ಟು ಕೇಳಿದವರಾರೂ ಅದನ್ನು ಹೊರಗೆ ತರಲಿಲ್ಲ. ತಂದದ್ದು ಅಲ್ಲಿ ಪಾನೀಯ ಸುರಿದುಕೊಡಲು ಬಂದಿದ್ದ ಕೆಲಸಗಾರ; ಅವನು ಇಟ್ಟಿದ್ದ ಕ್ಯಾಮೆರಾದಲ್ಲಿ ದಾಖಲಾದ ಮಾತು ಸೆಪ್ಟೆಂಬರ್ 17ರಂದು ಪ್ರಕಟವಾಗಿ ಚುನಾವಣೆಯ ದಿಕ್ಕಿಗೇ ಪೆಟ್ಟು ಕೊಟ್ಟಿತು. ಕೊನೆಗೆ ರಾಮ್ನಿಯವರಿಗೆ ದೇಶಾದ್ಯಂತ ಬಿದ್ದ ಮತಗಳೂ ಶೇಕಡಾ 47ರ ಆಸುಪಾಸಿನಲ್ಲೇ ನಿಂತವು ಎಂಬುದು ಅಂಕಿಗಳ ತಮಾಷೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಆ ಕೋಣೆಯಲ್ಲಿ ತನ್ನ ಬಗ್ಗೆಯೂ ಈ ಮಾತು ಎಂದು ಭಾವಿಸಬಹುದಾಗಿದ್ದವನು ಒಬ್ಬನೇ, ಅವನು ಟಿಕೆಟ್ ಕೊಂಡು ಬಂದವನಲ್ಲ.

ಇದಕ್ಕೆ ಎದುರಾಗಿ ನಮ್ಮ ವರ್ಜೀನಿಯಾದಲ್ಲೇ 2006ರ ಆಗಸ್ಟ್ 11ರಂದು ನಡೆದದ್ದನ್ನು ಇಟ್ಟು ನೋಡಬೇಕು. ಕೆಂಟಕಿಯ ಗಡಿಗೆ ಹತ್ತಿರದ ಬ್ರೇಕ್ಸ್ ಎಂಬಲ್ಲಿ ಸೆನೆಟರ್ ಜಾರ್ಜ್ ಅಲೆನ್ ಅವರ ಬಯಲು ಸಭೆ. ಎದುರಾಳಿಯ ಪರವಾಗಿ ಅವರನ್ನು ಹಿಂಬಾಲಿಸಿ ಚಿತ್ರೀಕರಿಸುತ್ತಿದ್ದ, ಭಾರತೀಯ ಮೂಲದ, ವರ್ಜೀನಿಯಾದಲ್ಲೇ ಹುಟ್ಟಿ ಬೆಳೆದ ಇಪ್ಪತ್ತರ ಯುವಕನೊಬ್ಬ ಗುಂಪಿನಲ್ಲಿದ್ದ. ಅಲೆನ್ ಅವನತ್ತ ಕೈತೋರಿಸಿ ಅವನನ್ನು 'ಮಕಾಕಾ' ಎಂದು ಕರೆದು, ಅಮೆರಿಕಕ್ಕೆ ಸ್ವಾಗತ ಎಂದರು. ಇಲ್ಲಿ ಮಾತಿಗೆ ಗುರಿಯಾದವನು ಎದುರಿಗೇ ನಿಂತಿದ್ದ, ಅವನ ಕೈಯಲ್ಲಿ ಕ್ಯಾಮೆರಾ ಇತ್ತು. ಸುಲಭವಾಗಿ ಗೆಲ್ಲುತ್ತಾರೆಂದುಕೊಂಡಿದ್ದ ಅಲೆನ್ ಆ ನವೆಂಬರಿನಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು, ಆ ಒಂದು ಸ್ಥಾನದೊಂದಿಗೆ ಸೆನೆಟ್ಟಿನ ಬಹುಮತವೂ ಅವರ ಪಕ್ಷದ ಕೈತಪ್ಪಿತು. ಆಗ ನನಗೆ ಇಲ್ಲಿ ಮತವಿರಲಿಲ್ಲ. ಕಚೇರಿಯ ಊಟದ ಮೇಜಿನಲ್ಲಿ ಕುಳಿತಿದ್ದ ನಾವು ಮೂವರು ಕನ್ನಡಿಗರು, 'ಮಕಾಕಾ' ಎಂದರೇನೆಂದು ಹುಡುಕಿ ನಕ್ಕಿದ್ದೆವು: ನಂದಿಬೆಟ್ಟದಲ್ಲಿ ನಮ್ಮ ಕೈಯಿಂದ ಕಡಲೆಕಾಯಿ ಕಿತ್ತುಕೊಳ್ಳುವ ಕೋತಿಯ ಶಾಸ್ತ್ರೀಯ ಹೆಸರೇ ಮಕಾಕಾ ರೇಡಿಯೇಟಾ. "ಲೇ ಕೋತಿ" ಎಂದು ಅಜ್ಜಿಯಿಂದ ದಿನವೂ ಕರೆಸಿಕೊಂಡು ಬೆಳೆದವರಿಗೆ ಅದರಲ್ಲಿ ಬೈಗುಳ ಕಾಣಲಿಲ್ಲ. ಆಫ್ರಿಕಾದ ವಸಾಹತುಗಳಲ್ಲಿ ಯುರೋಪಿಯನ್ನರು ಅಲ್ಲಿನ ಜನರನ್ನು ಕರೆಯಲು ಆ ಪದವನ್ನು ಬಳಸುತ್ತಿದ್ದರೆಂದು ಓದಿದ ಮೇಲೆ ನಗು ನಿಂತಿತು. ತಾನು ಆ ಪದವನ್ನು ಆ ಕ್ಷಣಕ್ಕೆ ಕಟ್ಟಿದೆ ಎಂದು ಅಲೆನ್ ಹೇಳಿಕೊಂಡರು. ಅದನ್ನು ನಂಬಿದವರು ಕಡಿಮೆ.

ಪದದ ಹಿಂದಿನ ಹೊರೆ ಆಡುವವನಿಗೆ ತಿಳಿಯದಿರುವುದು ನಿಜವಾಗಿಯೂ ಸಾಧ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ 2006ರ ಬೇಸಿಗೆಯಲ್ಲಿ ರಾಮ್ನಿಯವರು ಬಾಸ್ಟನ್ನಿನ ಸುರಂಗಮಾರ್ಗದ ಯೋಜನೆಯನ್ನು 'ಟಾರ್ ಬೇಬಿ', ಡಾಂಬರಿನ ಬೊಂಬೆ ಎಂದು ಕರೆದು ಕ್ಷಮೆ ಕೇಳಬೇಕಾಯಿತು. ಮುಟ್ಟಿದಷ್ಟೂ ಅಂಟಿಕೊಳ್ಳುವ ಸಮಸ್ಯೆ ಎಂಬುದು ಅವರ ಅರ್ಥ; ಕಪ್ಪು ಜನರನ್ನು ಹೀಯಾಳಿಸಲು ಬಳಕೆಯಾಗಿದ್ದ ಪದ ಎಂಬುದು ಕೇಳಿದವರ ನೆನಪು. ಡಾಂಬರಿನ ಬೊಂಬೆಗೆ ಅಂಟಿಕೊಂಡ ಮೊಲದ ಆ ಕತೆ ಆಫ್ರಿಕಾದಿಂದ ತಂದ ಗುಲಾಮರ ಬಾಯಲ್ಲಿ ಉಳಿದು ಬಂದದ್ದು. ನಮ್ಮ ಜಾತಕ ಕತೆಗಳಲ್ಲಿಯೂ ಪಂಚಾಯುಧನೆಂಬ ರಾಜಕುಮಾರ ಅಂಟುಗೂದಲಿನ ಯಕ್ಷನನ್ನು ಹೊಡೆಯಲು ಹೋಗಿ ಕೈ, ಕಾಲು, ತಲೆ ಒಂದೊಂದಾಗಿ ಅಂಟಿಸಿಕೊಳ್ಳುತ್ತಾನೆ. ಒಂದೇ ಕತೆ ಒಂದು ಕಡೆ ಧರ್ಮೋಪದೇಶವಾಗಿ, ಇನ್ನೊಂದು ಕಡೆ ಬೈಗುಳವಾಗಿ ಬದುಕಿದ್ದರೆ, ಕತೆಯ ತಪ್ಪೇನೂ ಇಲ್ಲ. ಆದರೆ ಯಾವ ನೆಲದಲ್ಲಿ ನಿಂತು ಹೇಳುತ್ತಿದ್ದೇನೆ ಎಂಬ ಎಚ್ಚರ ವೇದಿಕೆ ಹತ್ತಿದವನಿಗೆ ಇರಬೇಕಾಗುತ್ತದೆ.

ಇದನ್ನು ಓದಿ ಅಮೆರಿಕದವರ ಸೂಕ್ಷ್ಮ ಅತಿಯಾಯಿತು ಎನ್ನುವ ಕನ್ನಡಿಗರಿಗೆ 2023ರ ಆಗಸ್ಟನ್ನು ನೆನಪಿಸುತ್ತೇನೆ. ನಟರೂ ಪಕ್ಷವೊಂದರ ಸ್ಥಾಪಕರೂ ಆದ ಉಪೇಂದ್ರ ಅವರು ನೇರಪ್ರಸಾರದ ಮಾತಿನಲ್ಲಿ ಊರು ಮತ್ತು ಕೇರಿಯ ಬಗೆಗಿನ ಒಂದು ಹಳೆಯ ಗಾದೆಯನ್ನು ಎಳೆದು ತಂದರು. ಟೀಕಿಸುವವರು ಎಲ್ಲೆಡೆ ಇದ್ದೇ ಇರುತ್ತಾರೆ ಎಂಬುದಷ್ಟೇ ಅವರ ಉದ್ದೇಶ. ಗಾದೆಯ ಉಪಮೆಯಾದರೋ ಒಂದು ಸಮುದಾಯ ತಲೆಮಾರುಗಳಿಂದ ಊರ ಹೊರಗೆ ಬದುಕಿದ ಜಾಗ. ದೂರುಗಳು ದಾಖಲಾದವು, ಅವರು ವಿಡಿಯೋ ಅಳಿಸಿ ಕ್ಷಮೆ ಕೇಳಿದರು, ಹೈಕೋರ್ಟು ತನಿಖೆಗೆ ತಡೆ ನೀಡಿತು. ಆ ಗಾದೆಯನ್ನು ನಮ್ಮ ಮನೆಯ ಜಗಲಿಯಲ್ಲಿ ನಾನೂ ಕೇಳಿ ಬೆಳೆದವನು, ಒಂದೆರಡು ಸಲ ಆಡಿಯೂ ಇದ್ದೇನೆ. ಅದರ ಭಾರ ನನಗೆ ತಿಳಿಯದೇ ಇದ್ದದ್ದಕ್ಕೆ ಕಾರಣ ಸರಳ: ನಮ್ಮ ಜಗಲಿಯ ಮೇಲೆ ಕುಳಿತು ಅದನ್ನು ಕೇಳಿ ಮುಖ ಕೆಳಗೆ ಹಾಕಬೇಕಾದವರಿಗೆ ನಮ್ಮ ಜಗಲಿ ಹತ್ತುವ ಅವಕಾಶವೇ ಇರಲಿಲ್ಲ. ಅಲ್ಲಿ ಬಾಗಿಲು ಕಾಯುತ್ತಿದ್ದದ್ದು ಟಿಕೆಟ್ ಅಲ್ಲ, ಜಾತಿ.

ಇನ್ನೊಂದು ಬಗೆಯ ಅಸಡ್ಡೆ ಇದಕ್ಕಿಂತ ಕೆಟ್ಟದ್ದು. ಇನ್ನೊಬ್ಬರ ನೋವನ್ನು ತನ್ನ ಕಿರಿಕಿರಿಗೆ ಸಾಲ ತಂದುಕೊಳ್ಳುವುದು. 2019ರ ಅಕ್ಟೋಬರಿನಲ್ಲಿ ಡೊನಾಲ್ಡ್ ಟ್ರಂಪ್ ತಮ್ಮ ಮೇಲಿನ ಮಹಾಭಿಯೋಗದ ವಿಚಾರಣೆಯನ್ನು 'ಲಿಂಚಿಂಗ್', ಗುಂಪುಹತ್ಯೆ ಎಂದು ಕರೆದುಕೊಂಡರು. ಅದನ್ನು ಖಂಡಿಸಿದ ಜೋ ಬೈಡನ್ 1998ರಲ್ಲಿ ಕ್ಲಿಂಟನ್ನರ ವಿಚಾರಣೆಯ ಕುರಿತು ತಾವೂ ಅದೇ ಪದ ಬಳಸಿದ್ದು ಹೊರಬಿದ್ದು ಕ್ಷಮೆ ಕೇಳಬೇಕಾಯಿತು. ಟಸ್ಕೀಗೀ ಸಂಸ್ಥೆಯ ಲೆಕ್ಕದಂತೆ 1882ರಿಂದ 1968ರವರೆಗೆ ಈ ದೇಶದಲ್ಲಿ ಗುಂಪುಗಳ ಕೈಯಲ್ಲಿ ಹೀಗೆ ಸತ್ತವರು 4,743 ಜನ, ಅವರಲ್ಲಿ 3,446 ಜನ ಕಪ್ಪು ಜನಾಂಗದವರು. ವಕೀಲರ ಪಡೆಯೊಂದಿಗೆ ಹೋರಾಡುವ ಅಧ್ಯಕ್ಷರಿಗೂ ಮರಕ್ಕೆ ನೇತುಬಿದ್ದವರಿಗೂ ಒಂದೇ ಪದವೇ? ನಮ್ಮಲ್ಲಿ 2019ರ ಫೆಬ್ರುವರಿಯಲ್ಲಿ, ಆಡಿಯೊ ತುಣುಕಿನಲ್ಲಿ ತಮ್ಮ ಹೆಸರು ಬಂದದ್ದನ್ನು ಕುರಿತ ಚರ್ಚೆಯಲ್ಲಿ, ಆಗ ಸಭಾಧ್ಯಕ್ಷರಾಗಿದ್ದ ರಮೇಶ್ ಕುಮಾರ್ ತಮ್ಮ ಸ್ಥಿತಿಯನ್ನು ಅತ್ಯಾಚಾರ ಸಂತ್ರಸ್ತೆಯ ಸ್ಥಿತಿಗೆ ಹೋಲಿಸಿಕೊಂಡರು. 2021ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರದ ಬಗ್ಗೆ ಇನ್ನೂ ಹೀನವಾದ ಮಾತೊಂದನ್ನು ಉದ್ಧರಿಸಿದಾಗ ಸದನದಲ್ಲಿ ನಗು ಎದ್ದಿತು. ಮರುದಿನ ಅವರು ಕ್ಷಮೆ ಕೇಳಿದರು. ಓದಿಕೊಂಡವರು, ಕನ್ನಡವನ್ನು ಚೆಂದವಾಗಿ ಆಡಬಲ್ಲವರು ಅವರು, ಅದಕ್ಕೇ ಬೇಸರ ಹೆಚ್ಚು. ಆ ಸದನದ 224 ಸ್ಥಾನಗಳಲ್ಲಿ ಮಹಿಳೆಯರು ಎಷ್ಟು ಕಡಿಮೆ ಎಂಬುದನ್ನು ನೆನೆದರೆ ನಗು ಎಲ್ಲಿಂದ ಎದ್ದಿತೆಂದು ಕೇಳಬೇಕಾಗಿಯೇ ಇಲ್ಲ.

ಹಾಗಾದರೆ ಅಪ್ಪ ಕಂಡ, ಅಭ್ಯರ್ಥಿಯೇ ಊಟ ಹಾಕಿಸುವ ಪದ್ಧತಿ ಮೇಲೇ? ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ನಿಜ. ಲಾರಿಯಲ್ಲಿ ಕರೆತಂದು, ಬಿಸಿಲಿಗೊಂದು ಟೋಪಿ, ಹಸಿವಿಗೊಂದು ಬಿರಿಯಾನಿ ಪೊಟ್ಟಣ, ಮೇಲೆ ದಿನದ ಕೂಲಿ ಕೊಟ್ಟು ಕೂರಿಸಿದ ಜನರಲ್ಲಿ ವೇದಿಕೆಯ ಬೈಗುಳಕ್ಕೆ ಗುರಿಯಾದವರೂ ಇರುತ್ತಾರೆ. ಆದರೆ ಅವರನ್ನು ಕರೆತಂದಿರುವುದೇ ಚಪ್ಪಾಳೆಗೆ. ಸರ್ಕಾರವನ್ನು ಷಂಡ ಎನ್ನುವ, ವಿರೋಧಿಗಳಿಗೆ ಬಳೆ ತೊಟ್ಟುಕೊಳ್ಳಿ ಎನ್ನುವ ಭಾಷಣಗಳನ್ನು ಬಳೆ ತೊಟ್ಟ ಹೆಂಗಸರೇ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದನ್ನು ನಾನು ಅರಸೀಕೆರೆಯ ಮೈದಾನದಲ್ಲಿ ಕಂಡಿದ್ದೇನೆ. ಪ್ರತಿಭಟಿಸಿದವರಿಗೆ ಸಿಗುವ ಉತ್ತರವೂ ಗೊತ್ತಿರುವಂಥದ್ದೇ. 2018ರ ಜನವರಿಯಲ್ಲಿ ಬಳ್ಳಾರಿಯಲ್ಲಿ ದಲಿತ ಸಂಘಟನೆಗಳವರು ಕೇಂದ್ರ ಸಚಿವ ಅನಂತಕುಮಾರ ಹೆಗಡೆಯವರ ಕಾರನ್ನು ತಡೆದ ದಿನವೇ, ಬೀದಿನಾಯಿಗಳ ಬೊಗಳುವಿಕೆಗೆ ತಲೆಕೆಡಿಸಿಕೊಳ್ಳುವುದಿಲ್ಲ ಎಂಬ ಮಾತು ಅವರ ಬಾಯಿಂದ ಬಂತು; ಅದು ದಲಿತರನ್ನು ಕುರಿತದ್ದಲ್ಲ ಎಂಬ ಸ್ಪಷ್ಟನೆಯೂ ಬಂತು.

ದುಡ್ಡು ಪಡೆದು ಸಭೆ ನಡೆಸುವ ಪ್ರಯೋಗ ನಮ್ಮಲ್ಲೂ ಆಗಿದೆ. 2013ರ ಆಗಸ್ಟಿನಲ್ಲಿ ಹೈದರಾಬಾದಿನ ನರೇಂದ್ರ ಮೋದಿಯವರ ಸಭೆಗೆ 5 ರೂಪಾಯಿ ಪ್ರವೇಶ ಶುಲ್ಕವಿಟ್ಟಾಗ ವಿರೋಧಿಗಳು ನಕ್ಕಿದ್ದರು. 2014ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಅರವಿಂದ ಕೇಜ್ರಿವಾಲರೊಂದಿಗಿನ ಊಟಕ್ಕೆ ತಲೆಗೆ 20,000 ರೂಪಾಯಿ ಎಂದಾಗ ಇನ್ನೂ ಜೋರಾಗಿ ನಕ್ಕರು. ಆ ನಗುವಿನಲ್ಲಿ ನಾನು ಸೇರಲಾರೆ. ಬಹಿರಂಗವಾಗಿ ಕೊಟ್ಟ ಹಣಕ್ಕೆ ಹೆಸರಿರುತ್ತದೆ. ಅಮೆರಿಕದ ಕೇಂದ್ರ ಚುನಾವಣೆಗಳಲ್ಲಿ ಅಭ್ಯರ್ಥಿಯೊಬ್ಬರಿಗೆ 200 ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರು, ಊರು, ಉದ್ಯೋಗ ಎಲ್ಲವೂ ಸಾರ್ವಜನಿಕ ದಾಖಲೆ, ನಮ್ಮ ಮದುವೆಮನೆಯ ಮುಯ್ಯಿ ಪುಸ್ತಕದ ಹಾಗೆ. ನಮ್ಮಲ್ಲಿ 2018ರಿಂದ ಮಾರಾಟವಾದ ಚುನಾವಣಾ ಬಾಂಡುಗಳಲ್ಲಿ ಯಾರು ಯಾರಿಗೆ ಕೊಟ್ಟರೆಂದು ತಿಳಿಯಲು 2024ರ ಫೆಬ್ರುವರಿ 15ರ ಸುಪ್ರೀಂ ಕೋರ್ಟಿನ ತೀರ್ಪು ಬೇಕಾಯಿತು. ಇಲ್ಲಿಯೂ 2010ರ ತೀರ್ಪೊಂದರ ನಂತರ ಹೆಸರಿಲ್ಲದ ಹಣ ಹಿತ್ತಿಲ ಬಾಗಿಲಿನಿಂದ ಹರಿದು ಬರುತ್ತಿದೆ ಎಂಬುದನ್ನೂ ಹೇಳಿಬಿಡಬೇಕು. ಟಿಕೆಟ್ ಇಡುವುದಕ್ಕೆ ನನ್ನ ವಿರೋಧವಿಲ್ಲ. ಟಿಕೆಟ್ಟಿನ ಕೋಣೆಗೊಂದು ಬೇರೆ ನಾಲಿಗೆ ಇಟ್ಟುಕೊಳ್ಳುವುದಕ್ಕೆ ಇದೆ. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರು ಎದುರು ಕುಳಿತಿದ್ದರೆ ಆಡಲಾಗದ ಪದವನ್ನು ಅವರಿಲ್ಲದಲ್ಲಿ ಆಡಿದವರು ಆಮೇಲೆ ಕೇಳುವ ಕ್ಷಮೆಯಲ್ಲೂ ಆ ಅಳುಕೇ ಕಾಣುತ್ತದೆ. ಇಲ್ಲಿಯವರು "ಯಾರಿಗಾದರೂ ನೋವಾಗಿದ್ದರೆ" ಎಂದು ಶುರು ಮಾಡುತ್ತಾರೆ, ನಮ್ಮವರು "ಮಾಧ್ಯಮದವರು ತಿರುಚಿದ್ದಾರೆ" ಎಂದು. ಸದನದಲ್ಲಾದರೆ ಕಡತದಿಂದ ತೆಗೆಸಿಬಿಡುತ್ತಾರೆ, ಅಷ್ಟರಲ್ಲಿ ಟಿವಿಯಲ್ಲಿ ಹತ್ತು ಸಲ ಬಂದಿರುತ್ತದೆ.

ಅಪ್ಪನ ಪ್ರಶ್ನೆಗೆ ಆ ರಾತ್ರಿ ನಾನು "ಎಲ್ಲರಂತೆ ಏನೋ ಮಾತಾಡಿದ" ಎಂದಷ್ಟೇ ಹೇಳಿ ಮಲಗಿದೆ. ಮೂರು ದಿನದ ನಂತರ ಆ ಅಭ್ಯರ್ಥಿಯ ಕಚೇರಿಗೆ ಒಂದು ಇ-ಮೇಲ್ ಬರೆದೆ. ಗಡಿಯ ನೀತಿಯ ಬಗ್ಗೆ ಒಂದು ಸಾಲನ್ನೂ ಬರೆಯದೆ, ಅಂದು ಬಳಸಿದ ಆ ಒಂದು ಪದವನ್ನು ಇನ್ನು ಮುಂದೆ ಕೈಬಿಡಬೇಕೆಂದೂ, ಅಂದು ನಾನೂ ಚಪ್ಪಾಳೆ ತಟ್ಟಿದ್ದಕ್ಕೆ ನಾಚಿಕೆಯಾಗಿದೆಯೆಂದೂ ಬರೆದಿದ್ದೆ. ವಾರದೊಳಗೆ ಉತ್ತರ ಬಂತು. ನನ್ನ ನಿರಂತರ ಬೆಂಬಲಕ್ಕೆ ಧನ್ಯವಾದ ಹೇಳಿ, ಮುಂದಿನ ತಿಂಗಳ ಭೋಜನಕೂಟಕ್ಕೆ ಆಹ್ವಾನಿಸಿದ್ದರು, ಈ ಸಲ 500 ಡಾಲರ್. ನಾನು ಬರೆದ ಪದದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ; ಊಟ ಸಸ್ಯಾಹಾರವೋ ಮಾಂಸಾಹಾರವೋ ಎಂದು ಮಾತ್ರ ಕೇಳಿದ್ದರು.